ಕತ್ತಲೆಕಾನಿನ ಕಪ್ಪೆಯೂ ಸೈಟೇಷನ್ ಲೆಕ್ಕವೂ

ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪತ್ರಿಕೆಗಳ ಉತ್ತರ ಕನ್ನಡ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವರು ಅಂತ. ಪಾಸ್‌ಪೋರ್ಟ್ ಅಳತೆಯ ಫೋಟೊ, ಕೆಳಗೆ ಊರಿನ ಹೆಸರು. ಎರಡು ದಿನದಲ್ಲಿ ಕಾಲೇಜಿನ ಗೇಟಿಗೆ ಫ್ಲೆಕ್ಸ್, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಚಪ್ಪಾಳೆ. ಸಂತೋಷದ ವಿಷಯವೇ. ಆದರೆ ಯಾರು, ಏನನ್ನು ಎಣಿಸಿ ಈ ಪಟ್ಟಿ ಮಾಡಿದರು ಅಂತ ಕೇಳಿ ನೋಡಿ. 'ಸ್ಟ್ಯಾನ್‌ಫರ್ಡ್‌ನವರು ಕೊಟ್ಟಿದ್ದಲ್ವಾ' ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಇದಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು 2019ರಿಂದ ಹೊರತರುತ್ತಿರುವ ಒಂದು ದೊಡ್ಡ ಎಕ್ಸೆಲ್ ಹಾಳೆ. ಅಂಕಿಅಂಶ ಬರುವುದು ಸ್ಕೋಪಸ್ ಎಂಬ ಡೇಟಾಬೇಸಿನಿಂದ. ಅದು ಎಲ್ಸೆವಿಯರ್ ಎಂಬ ಪ್ರಕಾಶನ ಕಂಪನಿಯದು. ಪಟ್ಟಿಯಲ್ಲೂ ಎರಡು ಬಗೆ: ಇಡೀ ವೃತ್ತಿಜೀವನದ ಲೆಕ್ಕ ಒಂದು, ಒಂದೇ ವರ್ಷದ ಲೆಕ್ಕ ಇನ್ನೊಂದು. ಎರಡರ ತೂಕ ಬೇರೆ ಬೇರೆ, ಫ್ಲೆಕ್ಸಿನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಶೇ 2 ಅಂದರೆ ಅವರವರ ಉಪವಿಷಯದ ಒಳಗೆ ಶೇ 2. ಹೀಗಾಗಿ ಪಟ್ಟಿಯಲ್ಲಿ 2 ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ.

ಅಲ್ಲಿ ಎಣಿಸುವುದು ಸೈಟೇಷನ್. ಒಬ್ಬರ ಪೇಪರನ್ನು, ಅಂದರೆ ಸಂಶೋಧನಾ ಲೇಖನವನ್ನು, ಇನ್ನೊಬ್ಬರು ತಮ್ಮ ಪೇಪರಿನ ಕೊನೆಯ ಪಟ್ಟಿಯಲ್ಲಿ ಹೆಸರಿಸಿದರೆ ಒಂದು ಸೈಟೇಷನ್ ಆಯಿತು. ಇಷ್ಟು ಸಣ್ಣ ಸಂಗತಿಯ ಮೇಲೆ ಇವತ್ತು ಬಡ್ತಿ, ಕಾಲೇಜಿನ ರ‍್ಯಾಂಕು, ಸಂಶೋಧನೆಯ ದುಡ್ಡು ಎಲ್ಲ ನಿಂತಿವೆ. ಈ ಸಂಖ್ಯೆಗೆ ಅರ್ಥ ಇದೆ. ಆದರೆ ಅದು ಯಾವ ಡೇಟಾಬೇಸಿನದು, ಯಾವ ವಿಷಯದ್ದು, ಯಾರ ಹೆಸರಿಗೆ ಹೇಗೆ ಜಮಾ ಆಯಿತು ಅಂತ ಗೊತ್ತಿಲ್ಲದೆ ಅದನ್ನು ಓದಿದರೆ ಮೋಸ ಹೋಗುತ್ತೇವೆ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇದೆ. ಅಂಥ ಕಡೆ ಒಬ್ಬ ಸಂಶೋಧಕಿ ಬಂಗಡೆ ಮೀನು ಮೊಟ್ಟೆಯಿಡುವ ಕಾಲದ ಬಗ್ಗೆ ಬರೆಯುತ್ತಿದ್ದಾರೆ ಅಂದುಕೊಳ್ಳಿ. ಹಿಂದೆ ಯಾರು ಬಂಗಡೆಯ ಅಂಡಾಶಯ ಅಳೆದಿದ್ದರು, ಯಾವ ವಿಧಾನದಲ್ಲಿ ಅಳೆದರು, ಯಾರ ಫಲಿತಾಂಶ ತಮ್ಮದಕ್ಕೆ ಹೊಂದುವುದಿಲ್ಲ, ಎಲ್ಲವನ್ನೂ ಅವರು ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಪಟ್ಟಿ ನೋಡುವುದು ಹಿಂದಕ್ಕೆ. ಆದರೆ 1954ರಿಂದ ಬರುತ್ತಿರುವ 'ಇಂಡಿಯನ್ ಜರ್ನಲ್ ಆಫ್ ಫಿಶರೀಸ್' ಎಂಬ ಸಂಶೋಧನಾ ಪತ್ರಿಕೆಯ (ಜರ್ನಲ್‌ನ) ಒಂದು ಹಳೆಯ ಪೇಪರ್ ಕೈಯಲ್ಲಿ ಹಿಡಿದು, ಇದನ್ನು ಆಮೇಲೆ ಯಾರು ಬಳಸಿದರು ಅಂತ ಮುಂದಕ್ಕೆ ನೋಡಬೇಕಾದರೆ? ಆಮೇಲೆ ಬಂದ ಎಲ್ಲ ಪೇಪರುಗಳ ಪಟ್ಟಿಗಳನ್ನೂ ಕೂಡಿಸಿ ತಿರುಗಿಸಿ ಇಡಬೇಕು. ಹಾಗೆ ತಿರುಗಿಸಿ ಇಟ್ಟಿದ್ದೇ ಸೈಟೇಷನ್ ಇಂಡೆಕ್ಸ್.

ಈ ಐಡಿಯಾ ಬಂದದ್ದು ವಕೀಲರಿಂದ. ಶಿರಸಿ ಕೋರ್ಟಿನ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ, ಹಳೆಯ ತೀರ್ಪೊಂದನ್ನು ಮುಂದಿಟ್ಟು ವಾದಿಸುವ ಮೊದಲು ಅದನ್ನು ಮೇಲಿನ ಕೋರ್ಟು ಆಮೇಲೆ ತಳ್ಳಿಹಾಕಿದೆಯಾ ಅಂತ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎದುರು ಪಕ್ಷದವರ ಮುಂದೆ ಮುಖಭಂಗ. ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ಇದಕ್ಕೊಂದು ವ್ಯವಸ್ಥೆ ಶುರುಮಾಡಿದ. ಯಾವ ತೀರ್ಪನ್ನು ಯಾವ ತೀರ್ಪು ಆಮೇಲೆ ಹೆಸರಿಸಿತು, ಎತ್ತಿಹಿಡಿಯಿತೋ ತಳ್ಳಿಹಾಕಿತೋ, ಎಲ್ಲಕ್ಕೂ ಗುರುತು. ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಇದನ್ನು ನೋಡಿ, ವಿಜ್ಞಾನಕ್ಕೂ ಹೀಗೇ ಮಾಡಬಹುದು ಅಂತ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಫಿಲಡೆಲ್ಫಿಯಾದ ಅವರ ಸಂಸ್ಥೆ 1964ರಲ್ಲಿ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಹೊರತಂದಿತು. ಇವತ್ತಿನ ವೆಬ್ ಆಫ್ ಸೈನ್ಸ್ ಎಂಬ ಡೇಟಾಬೇಸ್ ಅದರದೇ ಮುಂದುವರಿಕೆ.

ಸಾಗುವ ದಾರಿಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಯಿತು. ಶೆಪರ್ಡ್‌ನ ಪುಸ್ತಕದಲ್ಲಿ 'ಎತ್ತಿಹಿಡಿದದ್ದು', 'ತಳ್ಳಿಹಾಕಿದ್ದು' ಅನ್ನುವ ಗುರುತು ಇತ್ತು. ವಿಜ್ಞಾನದ ಇಂಡೆಕ್ಸಿನಲ್ಲಿ ಬರೀ ಎಣಿಕೆ ಉಳಿಯಿತು. ಹೊಗಳಿದರೂ ಒಂದು, ಬೈದರೂ ಒಂದು. ನನ್ನ ಲೆಕ್ಕದಲ್ಲಿ ಈ ವಿದ್ಯೆಯ ಅರ್ಧ ತಾಪತ್ರಯ ಅಲ್ಲಿಂದಲೇ ಶುರು. 1998ರಲ್ಲಿ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಜೊತೆಗಾರರು 12 ಮಕ್ಕಳನ್ನು ಇಟ್ಟುಕೊಂಡು ಬರೆದ ಪೇಪರ್ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂಬ ಗುಲ್ಲು ಎದ್ದದ್ದು ಅದರಿಂದ. 2010ರಲ್ಲಿ ಪತ್ರಿಕೆ ಅದನ್ನು ಪೂರ್ತಿ ಹಿಂತೆಗೆದುಕೊಂಡಿತು. ಆ ಪೇಪರಿಗೆ ಸಾವಿರಗಟ್ಟಲೆ ಸೈಟೇಷನ್ ಇವೆ. ಬಹುಪಾಲು ಜನ ಹೆಸರಿಸಿದ್ದು ಅದು ತಪ್ಪು ಅಂತ ಹೇಳುವುದಕ್ಕೆ. ಎಣಿಸುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ.

ಅಂದಹಾಗೆ ಎಣಿಸುವ ಚಾಳಿ ಗಾರ್ಫೀಲ್ಡ್‌ಗಿಂತ ಹಳೆಯದು. 1927ರಲ್ಲಿ ಗ್ರಾಸ್ ಎಂಬ ಉಪನಾಮದ ಇಬ್ಬರು ಅಮೆರಿಕದ ಒಂದು ಸಣ್ಣ ಕಾಲೇಜಿನ ಲೈಬ್ರರಿಗೆ ಯಾವ ರಸಾಯನಶಾಸ್ತ್ರ ಜರ್ನಲ್ ತರಿಸಬೇಕು ಅಂತ ತೀರ್ಮಾನಿಸಲು ಸೈಟೇಷನ್ ಎಣಿಸಿದ್ದರು. ದುಡ್ಡು ಕಮ್ಮಿ, ಜರ್ನಲ್ ಜಾಸ್ತಿ. ಯಾವ ಊರಿನ ಲೈಬ್ರರಿಯನ್‌ಗಾದರೂ ಅರ್ಥವಾಗುವ ಕಷ್ಟ. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿ ದಾಖಲಾತಿ ತರಬೇತಿ ಕೇಂದ್ರ ಕಟ್ಟಿದ ಎಸ್.ಆರ್. ರಂಗನಾಥನ್ ಕೂಡ 1948ರಲ್ಲೇ, ಗ್ರಂಥಾಲಯದ ಕೆಲಸಕ್ಕೆ ಅಳತೆ-ಲೆಕ್ಕದ ಒಂದು ಶಾಸ್ತ್ರ ಬೇಕು ಅಂತ ಹೇಳಿ 'ಲೈಬ್ರಮೆಟ್ರಿ' ಎಂಬ ಹೆಸರು ಸೂಚಿಸಿದ್ದರು. ಇವರ್ಯಾರ ಮನಸ್ಸಿನಲ್ಲೂ ಮನುಷ್ಯರಿಗೆ ಅಂಕ ಹಾಕುವ ಯೋಚನೆ ಮೊದಲಿಗೆ ಇರಲಿಲ್ಲ. ಇದ್ದದ್ದು ಪುಸ್ತಕ ಕೊಳ್ಳುವ, ಪೇಪರ್ ಹುಡುಕುವ ಯೋಚನೆ. ಗೂಗಲ್‌ನ ಸ್ಥಾಪಕರು ವೆಬ್ ಪುಟಗಳನ್ನು ಸಾಲಾಗಿ ಇಡಲು 1998ರಲ್ಲಿ ಮುಂದಿಟ್ಟ ಪೇಜ್‌ರ‍್ಯಾಂಕ್ ವಿಧಾನಕ್ಕೂ ಬೇರು ಇಲ್ಲೇ ಇದೆ. ಜಾಸ್ತಿ ಲಿಂಕ್ ಇರುವ ಪುಟ ಕೊಡುವ ಲಿಂಕಿಗೆ ಜಾಸ್ತಿ ತೂಕ, ಇಷ್ಟೇ ಅದರ ಸಾರ.

ಮನುಷ್ಯರಿಗೆ ಅಂಕ ಹಾಕುವ ಅಳತೆಗಳಲ್ಲಿ ಎಲ್ಲರ ಬಾಯಲ್ಲಿರುವುದು ಎಚ್-ಇಂಡೆಕ್ಸ್. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಹೇಳಿದರು. ನಮ್ಮ ಬಂಗಡೆ ಸಂಶೋಧಕಿಗೆ ಒಂಬತ್ತು ಪೇಪರ್ ಇವೆ ಅನ್ನೋಣ. ಸೈಟೇಷನ್ ದೊಡ್ಡದರಿಂದ ಸಣ್ಣದಕ್ಕೆ ಹೀಗೆ: 48, 21, 9, 7, 5, 5, 2, 1, 0. ಮೇಲಿನಿಂದ ಎಣಿಸುತ್ತಾ ಬನ್ನಿ. ಮೊದಲನೆಯದಕ್ಕೆ ಕನಿಷ್ಠ 1 ಇದೆಯಾ? ಇದೆ. ಎರಡನೆಯದಕ್ಕೆ ಕನಿಷ್ಠ 2? ಇದೆ. ಐದನೆಯದಕ್ಕೆ ಕನಿಷ್ಠ 5? ಸರಿಯಾಗಿ ಐದಿದೆ. ಆರನೆಯದಕ್ಕೆ 6 ಬೇಕು, ಇರುವುದು 5. ಅಲ್ಲಿಗೆ ನಿಂತಿತು. ಅವರ ಎಚ್-ಇಂಡೆಕ್ಸ್ 5. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಸೈಟೇಷನ್ ಇರುವ ಪೇಪರ್ ಎರಡು, ಹಾಗಾಗಿ ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್ ತೋರಿಸುವ ಐ10 ಲೆಕ್ಕ 2. ಒಟ್ಟು ಸೈಟೇಷನ್ 98.

ಈಗ ಇನ್ನೊಬ್ಬರನ್ನು ನೋಡಿ. ಬರೆದದ್ದೇ ಐದು ಪೇಪರ್, ಒಂದೊಂದಕ್ಕೂ 500 ಸೈಟೇಷನ್. ಅವರದೂ ಎಚ್-ಇಂಡೆಕ್ಸ್ 5. ಮೂರನೆಯವರದ್ದು ಐದು ಪೇಪರ್, ತಲಾ 5 ಸೈಟೇಷನ್. ಅವರದೂ 5. ಮೂವರ ಕೆಲಸದ ಗಾತ್ರ, ಪ್ರಭಾವ ಎಲ್ಲ ಬೇರೆ, ಅಂಕ ಮಾತ್ರ ಒಂದೇ! ಇದನ್ನು ಸರಿಪಡಿಸಲು 2006ರಲ್ಲಿ ಲಿಯೊ ಎಗ್ಗೆ ಜಿ-ಇಂಡೆಕ್ಸ್ ತಂದರು, ಅದು ದೊಡ್ಡ ಪೇಪರಿಗೆ ಬೆಲೆ ಕೊಡುತ್ತದೆ. ಆದರೆ ಅದು ಅಷ್ಟಾಗಿ ಬಳಕೆಗೆ ಬರಲಿಲ್ಲ. ಎಚ್‌ನ ಇನ್ನೊಂದು ಗುಣ, ಅದು ಎಂದೂ ಇಳಿಯುವುದಿಲ್ಲ. ನಿವೃತ್ತಿಯಾಗಿ ತೋಟದಲ್ಲಿ ಅಡಿಕೆ ನೋಡಿಕೊಂಡು ಇದ್ದರೂ ಏರುತ್ತಲೇ ಹೋಗಬಹುದು. ಈಗಷ್ಟೇ ಪಿಎಚ್.ಡಿ. ಮುಗಿಸಿದವರನ್ನು ಮೂವತ್ತು ವರ್ಷ ಸರ್ವೀಸ್ ಆದವರ ಪಕ್ಕದಲ್ಲಿ ಎಚ್ ಹಿಡಿದು ನಿಲ್ಲಿಸುವುದು ಅನ್ಯಾಯ.

ಸೈಟೇಷನ್ ಜಾಸ್ತಿ ಇದ್ದರೆ ಕೆಲಸ ದೊಡ್ಡದು ಅನ್ನುವ ನಂಬಿಕೆಯನ್ನು ಅಲುಗಾಡಿಸಲು ಒಂದೇ ಹೆಸರು ಸಾಕು: ಆಲಿವರ್ ಲೌರಿ. ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನದ ಬಗ್ಗೆ ಅವರ ತಂಡ 1951ರಲ್ಲಿ ಬರೆದ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್ ಇವೆ. ಮೀನಿನ ಮಾಂಸವೋ, ಎಲೆಯ ರಸವೋ, ಪ್ರೊಟೀನ್ ಅಳೆದವರೆಲ್ಲ ಅದನ್ನು ಹೆಸರಿಸಿದರು. ಅದು ತಮ್ಮ ದೊಡ್ಡ ಕೆಲಸವೇನಲ್ಲ ಅಂತ ಲೌರಿಯವರೇ ಒಪ್ಪಿಕೊಂಡಿದ್ದರು. ಅದು ಅತ್ಯಂತ ಉಪಯೋಗಕ್ಕೆ ಬಂದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಇನ್ನೊಂದು ತುದಿಯಲ್ಲಿ, ತೀರಾ ದೊಡ್ಡ ವಿಚಾರಗಳನ್ನು ಯಾರೂ ಹೆಸರಿಸುವುದೇ ಇಲ್ಲ. ಜೀವವಿಕಾಸದ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ಡಾರ್ವಿನ್ನನ ಪುಸ್ತಕವನ್ನು ಪಟ್ಟಿಗೆ ಹಾಕುವುದಿಲ್ಲ. ಅದು ಎಲ್ಲರ ಸ್ವತ್ತಾಗಿ ಹೋಗಿದೆ.

ಈಗ ಹೆಸರಿನ ತಕರಾರಿಗೆ ಬರೋಣ. ನಮ್ಮ ಜಿಲ್ಲೆಯವರಿಗೆ ಇದು ಬೇರೆಯವರಿಗಿಂತ ಜಾಸ್ತಿ ತಟ್ಟುತ್ತದೆ.

ಡೇಟಾಬೇಸಿಗೆ ಮನುಷ್ಯ ಅಂದರೆ ಉಪನಾಮ ಮತ್ತು ಇನಿಶಿಯಲ್. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನಲ್ಲಿ ಜಿ. ಹೆಗಡೆ ಎಷ್ಟು ಮಂದಿ, ಎಸ್. ಭಟ್ ಎಷ್ಟು ಮಂದಿ, ನೀವೇ ಅಂದಾಜು ಮಾಡಿ. ಕರಾವಳಿಗೆ ಇಳಿದರೆ ನಾಯ್ಕರು, ನಾಯಕರು, ಗಾಂವಕರರು. ಇಂಗ್ಲಿಷಿನಲ್ಲಿ ಬರೆಯುವಾಗ ಹೆಗಡೆಯ ನಡುವೆ ಒಂದು ಸ್ವರ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಭಟ್‌ಗೆ ಒಂದು 'ಟಿ' ಕೆಲವರಿಗೆ ಸಾಕು, ಕೆಲವರಿಗೆ ಎರಡು ಬೇಕು. ಪರಿಣಾಮ ಎರಡು ಥರ. ಒಬ್ಬರೇ ಮನುಷ್ಯ ಮೂರು ಹೆಸರಾಗಿ ಒಡೆದು ಸೈಟೇಷನ್ ಹಂಚಿಹೋಗುತ್ತದೆ. ಇಲ್ಲವೇ ಮೂವರು ಮನುಷ್ಯರು ಒಂದೇ ಹೆಸರಿನಡಿ ಸೇರಿ, ಕುಮಟಾದ ಸಸ್ಯಶಾಸ್ತ್ರಜ್ಞರ ಖಾತೆಗೆ ಇನ್ನೆಲ್ಲಿಯದೋ ಹೃದಯತಜ್ಞರ ಪೇಪರ್ ಬಂದು ಕೂರುತ್ತದೆ. ಮದುವೆಯಾದ ಮೇಲೆ ಉಪನಾಮ ಬದಲಿಸಿದ ಹೆಣ್ಣುಮಕ್ಕಳ ಹಳೆಯ ಪೇಪರುಗಳು ತವರಲ್ಲೇ ಉಳಿದುಬಿಡುತ್ತವೆ.

ಹಳೇ ಮೈಸೂರು ಕಡೆಯವರಿಗೆ ಬೇರೆ ತರಹದ ಕಷ್ಟ. ಅಲ್ಲಿ ಊರಿನ, ತಂದೆಯ ಇನಿಶಿಯಲ್ ಮೊದಲು, ಸ್ವಂತ ಹೆಸರು ಕೊನೆಗೆ. ಡೇಟಾಬೇಸ್ ಕೊನೆಯ ಪದವನ್ನೇ ಉಪನಾಮ ಅಂದುಕೊಳ್ಳುತ್ತದೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದದ್ದರಿಂದ ಹೆಸರು, ತಂದೆಯ ಹೆಸರು, ಉಪನಾಮ ಅನ್ನುವ ಸಾಲು ಇಲ್ಲಿ ರೂಢಿ. ಆ ಮಟ್ಟಿಗೆ ನಾವು ಬಚಾವು. ಇದಕ್ಕೆಲ್ಲ ಪರಿಹಾರವಾಗಿ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಬಂತು. ಬಿಟ್ಟಿ ಸಿಗುತ್ತದೆ. ಹೆಸರು ಹೇಗೆ ಬರೆದರೂ ಸಂಖ್ಯೆ ಒಂದೇ. ಸಂಶೋಧನೆ ಶುರುಮಾಡುವ ದಿನವೇ ಮಾಡಿಸಿಕೊಳ್ಳುವುದು ಜಾಣತನ.

ಹೆಸರು ಸರಿಯಾಯಿತು ಅಂತಿಟ್ಟುಕೊಳ್ಳಿ, ಆಗಲೂ ಯಾರ ಪಾಲು ಎಷ್ಟು ಅನ್ನುವುದು ಬಗೆಹರಿಯುವುದಿಲ್ಲ. ಬಂಗಡೆ ಪೇಪರಿಗೆ ಆರು ಲೇಖಕರಿದ್ದರೆ ಅದರ 48 ಸೈಟೇಷನ್ ಆರೂ ಮಂದಿಗೆ ಪೂರ್ತಿ 48ರಂತೆ ಜಮಾ ಆಗುತ್ತದೆ. ಹಂಚಿ ಲೆಕ್ಕ ಹಾಕಿದರೆ ತಲಾ 8. ಜೀವವಿಜ್ಞಾನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದವರದು, ಕೊನೆಯದು ಗೈಡ್‌ದು. ಗಣಿತದಲ್ಲಿ ಅಕ್ಷರಮಾಲೆಯ ಸಾಲು, ಅಲ್ಲಿ ಮೊದಲು ಬಂದದ್ದಕ್ಕೆ ಅರ್ಥವೇ ಇಲ್ಲ. ಕಣಭೌತಶಾಸ್ತ್ರದ ಕತೆಯೇ ಬೇರೆ: ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ 33 ಪುಟದ ಒಂದು ಪೇಪರಿಗೆ 5,154 ಲೇಖಕರು. ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ! ಅಯೊನಿಡಿಸ್ ತಂಡ ತನ್ನ ಪಟ್ಟಿಗೆ ಒಟ್ಟು ಸೈಟೇಷನ್, ಎಚ್ ಎರಡನ್ನೇ ನಂಬದೆ, ಒಬ್ಬರೇ ಬರೆದದ್ದು, ಮೊದಲ ಹೆಸರಾಗಿ ಬರೆದದ್ದು, ಕೊನೆಯ ಹೆಸರಾಗಿ ಬರೆದದ್ದು ಹೀಗೆಲ್ಲ ಸೇರಿಸಿ ಆರು ಅಳತೆ ಕೂಡಿಸುವುದು ಇದಕ್ಕೇ.

ಎಷ್ಟು ಬರೆದರು ಅಂತ ಎಣಿಸಿದವರೂ ಇದ್ದಾರೆ. ಆಲ್ಫ್ರೆಡ್ ಲೋಟ್ಕಾ 1926ರಲ್ಲೇ ತೋರಿಸಿದ್ದು: ಒಂದೇ ಪೇಪರ್ ಬರೆದವರು 100 ಮಂದಿ ಇದ್ದರೆ ಎರಡು ಬರೆದವರು ಸುಮಾರು 25, ಮೂರು ಬರೆದವರು ಸುಮಾರು 11. ಬಹುಪಾಲು ಜನ ಒಂದಕ್ಕೇ ನಿಲ್ಲುತ್ತಾರೆ, ಕೆಲವರೇ ಕೆಲವರು ರಾಶಿ ಬರೆಯುತ್ತಾರೆ. ಸೈಟೇಷನ್ನಿನಲ್ಲೂ ಅದೇ ಏರುಪೇರು. ಆಗಲೇ ಹೆಸರಾದವರನ್ನೇ ಜನ ಮತ್ತೆ ಹೆಸರಿಸುತ್ತಾರೆ ಅನ್ನುವುದನ್ನು ರಾಬರ್ಟ್ ಮರ್ಟನ್ 1968ರಲ್ಲಿ ವಿವರಿಸಿದರು. ಡೆರೆಕ್ ಪ್ರೈಸ್ 1976ರಲ್ಲಿ ಅದಕ್ಕೊಂದು ಗಣಿತ ಕೊಟ್ಟರು. ಉಳ್ಳವರಿಗೇ ಮತ್ತಷ್ಟು, ಬೇರೇನಿಲ್ಲ.

ಇನ್ನು ಕಪ್ಪೆಯ ವಿಷಯ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಗೊತ್ತಲ್ವಾ? ರಾಮಪತ್ರೆ ಜಡ್ಡಿಗಳು (ಜೌಗು ನೆಲಗಳು) ಇರುವ, ಹಗಲಲ್ಲೂ ಬೆಳಕು ಕಮ್ಮಿ ಬೀಳುವ ಕಾಡು. ಅಲ್ಲಿನ ಹಳ್ಳಗಳ ಪಕ್ಕ ಒಂದು ಕಪ್ಪೆ ಇದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗೈಯಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ಮಾಡುವವರ ನೆನಪಾಗುವ ಹಾಗೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದು ಹೊಸ ಜಾತಿ ಅಂತ ಗುರುತಿಸಿ, ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ ಹೆಸರಿಟ್ಟು 2014ರಲ್ಲಿ 'ಝೂಟ್ಯಾಕ್ಸಾ' ಜರ್ನಲ್‌ನಲ್ಲಿ ಪ್ರಕಟಿಸಿದರು.

ಪ್ರಾಣಿಗಳ ವರ್ಗೀಕರಣದ ವಿಚಿತ್ರ ನೋಡಿ. ಈ ಕಪ್ಪೆಯ ಹೆಸರನ್ನು ವೈಜ್ಞಾನಿಕವಾಗಿ ಪೂರ್ತಿ ಬರೆಯುವಾಗ ಅದನ್ನು ವಿವರಿಸಿದವರ ಹೆಸರು, ವರ್ಷ ಪಕ್ಕದಲ್ಲೇ ಬರುತ್ತದೆ. ಪಶ್ಚಿಮಘಟ್ಟದ ಕಪ್ಪೆಗಳ ಪಟ್ಟಿ ಯಾರೇ ಮಾಡಿದರೂ ಆ ಲೇಖಕರ ಹೆಸರು ಅಲ್ಲಿ ಇರುತ್ತದೆ. ಆದರೆ ಹಾಗೆ ಪಟ್ಟಿ ಮಾಡುವವರು ಮೂಲ ಪೇಪರನ್ನು ಕೊನೆಯ ಉಲ್ಲೇಖಗಳಲ್ಲಿ ಸೇರಿಸದೆ ಇರುವುದೇ ಜಾಸ್ತಿ. ಡೇಟಾಬೇಸ್ ಓದುವುದು ಕೊನೆಯ ಪಟ್ಟಿಯನ್ನು ಮಾತ್ರ. ಹೆಸರು ನೂರು ಕಡೆ ಅಚ್ಚಾದರೂ ಅಂಥ ಪಟ್ಟಿಗಳಿಂದ ಸಿಗುವ ಸೈಟೇಷನ್ ಸೊನ್ನೆ. ಅದೇ ಕತ್ತಲೆಕಾನಿನಲ್ಲಿ ಸಿಕ್ಕ, 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ವಿವರಿಸಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರದ್ದೂ ಇದೇ ಪಾಡು. ಅಳಿವಿನಂಚಿನ ಮರ ಅಂತ ಎಲ್ಲ ಕಡೆ ಅದರ ಹೆಸರು ಬರುತ್ತದೆ, ಹೆಸರಿಟ್ಟವರ ಪೇಪರಿಗೆ ಅಷ್ಟೇ ಲೆಕ್ಕ ಸಿಗುವುದಿಲ್ಲ.

ಕಪ್ಪೆಯ ವಿವರಣೆ ಬಂದ ಜರ್ನಲ್‌ಗೂ ಎಣಿಕೆಯ ಪೆಟ್ಟು ಬಿದ್ದಿತು. ಜರ್ನಲ್‌ಗಳನ್ನು ಅಳೆಯುವುದು ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ. ಹಿಂದಿನ ಎರಡು ವರ್ಷ ಬಂದ ಪೇಪರುಗಳಿಗೆ ಈ ವರ್ಷ ಸಿಕ್ಕ ಸೈಟೇಷನ್ ಭಾಗಿಸು ಆ ಪೇಪರುಗಳ ಸಂಖ್ಯೆ. 2022ರಲ್ಲಿ 60, 2023ರಲ್ಲಿ 40 ಪೇಪರ್ ಬಂದು, 2024ರಲ್ಲಿ ಅವಕ್ಕೆ 150 ಸೈಟೇಷನ್ ಸಿಕ್ಕರೆ ಇಂಪ್ಯಾಕ್ಟ್ ಫ್ಯಾಕ್ಟರ್ 1.5. ಆ 150ರಲ್ಲಿ ಒಂದೇ ಪೇಪರಿಗೆ 90 ಬಂದಿದ್ದರೆ ಉಳಿದ 99ಕ್ಕೆ ಸಿಕ್ಕಿದ್ದು 60. ಅಂದರೆ ಕನಿಷ್ಠ 39 ಪೇಪರಿಗೆ ಒಂದೂ ಇಲ್ಲ. ಆದರೂ ಎಲ್ಲರೂ ಬಯೊಡೇಟಾದಲ್ಲಿ 1.5 ಅಂತಲೇ ಬರೆದುಕೊಳ್ಳುತ್ತಾರೆ. ಜರ್ನಲ್‌ನ ಸರಾಸರಿಯನ್ನು ಮನುಷ್ಯನ ಮೇಲೆ ಹೊರಿಸಬೇಡಿ ಅಂತ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. ಸಹಿ ಹಾಕಿದವರು ಸಾವಿರಗಟ್ಟಲೆ, ಪಾಲಿಸಿದವರು ಕಮ್ಮಿ.

'ಝೂಟ್ಯಾಕ್ಸಾ' ನ್ಯೂಜಿಲೆಂಡಿನಿಂದ 2001ರಲ್ಲಿ ಶುರುವಾದ ಜರ್ನಲ್. ಹೊಸ ಪ್ರಾಣಿಗಳ ವಿವರಣೆಯ ಬಹಳ ದೊಡ್ಡ ಪಾಲು ಅದರಲ್ಲೇ ಬರುತ್ತದೆ. ಹೊಸ ಕಪ್ಪೆ ವಿವರಿಸುವವರು ಹಳೆಯ ಕಪ್ಪೆಗಳ ವಿವರಣೆ ನೋಡಲೇಬೇಕು, ಅವೂ ಅಲ್ಲೇ ಬಂದಿರುತ್ತವೆ. ಹೀಗಾಗಿ ಜರ್ನಲ್ ತನ್ನನ್ನೇ ಜಾಸ್ತಿ ಹೆಸರಿಸಿದಂತೆ ಕಾಣುತ್ತದೆ. ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ 2020ರಲ್ಲಿ, ಸ್ವ-ಉಲ್ಲೇಖ ಅತಿಯಾಯಿತು ಅಂತ ಅದನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ಕೈಬಿಟ್ಟಿತು. ಜಗತ್ತಿನ ವರ್ಗೀಕರಣ ತಜ್ಞರೆಲ್ಲ ಒಟ್ಟಿಗೆ ಗಲಾಟೆ ಎಬ್ಬಿಸಿದರು. ಕೆಲವೇ ವಾರಗಳಲ್ಲಿ ಕಂಪನಿ ತೀರ್ಮಾನ ವಾಪಸ್ ತೆಗೆದುಕೊಂಡಿತು. ಗಲಾಟೆ ಆಗದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ನಮ್ಮ ದೇಶದ ಎಷ್ಟೋ ಕಾಲೇಜುಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಜರ್ನಲ್‌ನಲ್ಲಿ ಬರೆದರೆ ಬಡ್ತಿಗೆ ಬೆಲೆಯಿಲ್ಲ. ಕಪ್ಪೆ ಹುಡುಕಿಕೊಂಡು ಮಳೆಯಲ್ಲಿ ರಾತ್ರಿಯೆಲ್ಲ ಹಳ್ಳದ ಪಕ್ಕ ಕೂತ ಹುಡುಗರಿಗೆ ಅದರ ಬಿಸಿ ತಟ್ಟುತ್ತಿತ್ತು.

ಆದರೆ ಕ್ಲಾರಿವೇಟ್ ಸುಮ್ನೆ ಅನುಮಾನ ಪಟ್ಟಿದ್ದಲ್ಲ. ಸೈಟೇಷನ್ನಿನಲ್ಲಿ ಕಳ್ಳಾಟ ಇದೆ. ತನ್ನ ಪೇಪರನ್ನು ತಾನೇ ಹೆಸರಿಸಿಕೊಳ್ಳುವುದು ಸಣ್ಣ ಮಟ್ಟದ್ದು, ಅದು ಎಷ್ಟೋ ಸಲ ನ್ಯಾಯವೂ ಹೌದು. ದೊಡ್ಡದು ಮುರಿಯಾಳು ಪದ್ಧತಿ. ನಮ್ಮ ಕಡೆ ಗದ್ದೆ ನಟ್ಟಿಗೆ ನೀನು ನನ್ನಲ್ಲಿಗೆ ಬಾ, ನಾನು ನಿನ್ನಲ್ಲಿಗೆ ಬರುತ್ತೇನೆ ಅನ್ನುವ ಹಾಗೆ, ನೀನು ನನ್ನ ಪೇಪರ್ ಹೆಸರಿಸು, ನಾನು ನಿನ್ನದು ಹೆಸರಿಸುತ್ತೇನೆ. ಜರ್ನಲ್‌ಗಳೂ ಹೀಗೆ ಕೂಡಿಕೊಂಡದ್ದಿದೆ. 2013ರಲ್ಲಿ ಬ್ರೆಜಿಲ್‌ನ ನಾಲ್ಕು ಜರ್ನಲ್‌ಗಳು ಒಂದಕ್ಕೊಂದು ಸೈಟೇಷನ್ ತುಂಬಿಸಿಕೊಂಡ ಕಾರಣಕ್ಕೆ ಪಟ್ಟಿಯಿಂದ ಹೊರಬಿದ್ದವು. ಪೇಪರ್ ಪರಿಶೀಲಿಸುವವರು 'ಈ ನಾಲ್ಕು ಲೇಖನ ನೋಡಿ' ಅಂತ ತಮ್ಮವನ್ನೇ ತಳ್ಳುವುದು ಇನ್ನೊಂದು ಬಗೆ. ಹುದ್ದೆ ಕಾಯಂ ಆಗದ ಹುಡುಗ ಇಲ್ಲ ಅನ್ನುತ್ತಾನಾ?

ನಮ್ಮಲ್ಲಿ ಈ ಹಪಹಪಿ ಬೆಳೆದದ್ದು 2010ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮೇಷ್ಟ್ರುಗಳ ಸಾಧನೆ ಅಳೆಯಲು ಎಪಿಐ ಅಂಕ ತಂದ ಮೇಲೆ. ಪೇಪರಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಅಂತ ಪಾಯಿಂಟು. ಪದವಿ ಕಾಲೇಜಿನ ಮೇಷ್ಟ್ರಿಗೆ ವಾರದ ಪಾಠ, ಉತ್ತರಪತ್ರಿಕೆ ತಿದ್ದುವ ಕೆಲಸ, ಇಲೆಕ್ಷನ್ ಡ್ಯೂಟಿ ಎಲ್ಲ ಮುಗಿಸಿ ಸಂಶೋಧನೆಯೂ ಬೇಕು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು ಅಣಬೆಯ ಹಾಗೆ ಎದ್ದವು. ಅದನ್ನು ತಡೆಯಲು 2019ರಲ್ಲಿ ಒಪ್ಪಬಹುದಾದ ಜರ್ನಲ್‌ಗಳ ಕೇರ್ ಪಟ್ಟಿ ಬಂತು, 2025ರಲ್ಲಿ ಆ ಪಟ್ಟಿಯನ್ನೂ ಯುಜಿಸಿ ನಿಲ್ಲಿಸಿತು. ಪಾಯಿಂಟಿಗೆ ಬರೆದ ಪೇಪರನ್ನು ಬರೆದವರೂ ಮತ್ತೆ ಓದುವುದಿಲ್ಲ ಅನ್ನುವುದು ನನ್ನ ಅನುಮಾನ.

ಎಣಿಕೆಗೇ ಸಿಗದ ಪ್ರಭಾವ ಇನ್ನೊಂದು ದೊಡ್ಡ ರಾಶಿ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ತೆಗೆದುಕೊಳ್ಳಿ. ಉತ್ತರ ಕನ್ನಡದ ಕಾಡು, ದೇವರಕಾಡುಗಳಲ್ಲಿ ದಶಕಗಟ್ಟಲೆ ಕೆಲಸ ಮಾಡಿದವರು. ಅವರು ಬೊಸರ್ಟ್ ಜೊತೆ 1970ರಲ್ಲಿ ಬರೆದ ಜೀವನಚಕ್ರ ಮತ್ತು ನಿಸರ್ಗದ ಆಯ್ಕೆಯ ಬಗೆಗಿನ ಸಿದ್ಧಾಂತದ ಪೇಪರ್ ಜಗತ್ತಿನಾದ್ಯಂತ ಸೈಟ್ ಆಗಿದೆ. ವರ್ತಕ್ ಜೊತೆ 1976ರಲ್ಲಿ ಪಶ್ಚಿಮಘಟ್ಟದ ದೇವರಕಾಡುಗಳ ಬಗ್ಗೆ ಬರೆದದ್ದು ಆ ವಿಷಯದಲ್ಲಿ ಎಲ್ಲರೂ ಹೋಗಿ ಮುಟ್ಟುವ ಪೇಪರ್. ಆದರೆ ಶಿರಸಿ, ಸಿದ್ದಾಪುರದ ಹೋಟೆಲ್ಲಿನಲ್ಲಿ ಚಾ ಕುಡಿಯುತ್ತಾ ಜನ ಜಗಳ ಆಡಿದ್ದು ಈ ಎರಡರ ಬಗ್ಗೆಯೂ ಅಲ್ಲ. ಆಡಿದ್ದು ಅವರ ಸಮಿತಿಯ 2011ರ ಪಶ್ಚಿಮಘಟ್ಟ ವರದಿಯ ಬಗ್ಗೆ. ಅದು ಜರ್ನಲ್ ಪೇಪರೇ ಅಲ್ಲ, ಸರ್ಕಾರಕ್ಕೆ ಕೊಟ್ಟ ವರದಿ. ಎಚ್-ಇಂಡೆಕ್ಸಿನಲ್ಲಿ ಆ ಜಗಳಕ್ಕೆ ಜಾಗವಿಲ್ಲ.

ಕನ್ನಡದಲ್ಲಿ ಬರೆದದ್ದಕ್ಕೂ ಜಾಗ ಕಮ್ಮಿ. ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಜೀವಮಾನವಿಡೀ ಈ ಜಿಲ್ಲೆಯ ಜನಪದ ಕೂಡಿಸಿದರು. ಅವರ ಪುಸ್ತಕ ಮುಟ್ಟದೆ ಇಲ್ಲಿನ ಜಾನಪದದ ಮೇಲೆ ಪಿಎಚ್.ಡಿ. ಮಾಡುವುದು ಕಷ್ಟ. ಆ ಪುಸ್ತಕಗಳೂ ಕನ್ನಡ, ಅವನ್ನು ಹೆಸರಿಸುವ ಪ್ರಬಂಧಗಳೂ ಕನ್ನಡ. ಸ್ಕೋಪಸ್ ಕಣ್ಣಿಗೆ ಅವೆಲ್ಲ ಬೀಳುವುದೇ ಅಪರೂಪ. ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿದರೆ, ಹಾಡು ಹೇಳಿಕೊಟ್ಟ ಅಂಕೋಲಾದ ಸುಕ್ರಿ ಬೊಮ್ಮಗೌಡ. ಯಾವ ಮರದ ಬೀಜ ಯಾವಾಗ ತೆಗೆಯಬೇಕು ಅಂತ ಅರಣ್ಯ ಇಲಾಖೆಯ ನರ್ಸರಿಯಲ್ಲಿ ತೋರಿಸಿಕೊಟ್ಟ ಹೊನ್ನಳ್ಳಿಯ ತುಳಸಿ ಗೌಡ. ಇಬ್ಬರಿಗೂ ಪದ್ಮಶ್ರೀ ಬಂತು. ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರು ಸಮೀಕ್ಷೆಗೆ ಬಂದವರಿಗೆ ಎಲ್ಲಿ, ಯಾವ ಇಳಿತದಲ್ಲಿ ಸಿಗುತ್ತದೆ ಅಂತ ತೋರಿಸುತ್ತಾರೆ. ಪೇಪರಿನಲ್ಲಿ ಇಂಥವರು ಬಂದರೆ ಕೃತಜ್ಞತೆಯ ಸಾಲಿನಲ್ಲಿ, ಅದೂ 'ಸ್ಥಳೀಯರು' ಅಂತ. ಕೃತಜ್ಞತೆಯನ್ನು ಯಾವ ಇಂಡೆಕ್ಸೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಂತ ಸೈಟೇಷನ್ನೇ ಬೇಡ ಅನ್ನುವುದು ಹುಚ್ಚುತನ. ಅದು ಹುಟ್ಟಿದ್ದು ಹುಡುಕುವುದಕ್ಕೆ, ಆ ಕೆಲಸಕ್ಕೆ ಅದರಂಥ ಸಾಧನ ಇನ್ನೊಂದಿಲ್ಲ. ಶಿರಸಿಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗೆ ರಾಮಪತ್ರೆ ಜಡ್ಡಿಯ ಮೇಲೆ ಒಂದು ಒಳ್ಳೆಯ ಹಳೆಯ ಪೇಪರ್ ಸಿಕ್ಕಿತು ಅನ್ನಿ. ಗೂಗಲ್ ಸ್ಕಾಲರಿನಲ್ಲಿ ಅದರ ಕೆಳಗಿನ ಸೈಟೇಷನ್ ಸಂಖ್ಯೆ ಒತ್ತಿದರೆ ಆಮೇಲೆ ಬಂದ ಕೆಲಸ ಸಾಲಾಗಿ ತೆರೆದುಕೊಳ್ಳುತ್ತದೆ. ಎರಡು ಹಳೆಯ ಪೇಪರುಗಳನ್ನು ಮತ್ತೆ ಮತ್ತೆ ಜೊತೆಯಾಗಿ ಹೆಸರಿಸಿದವರು ಇದ್ದರೆ ಆ ಎರಡಕ್ಕೂ ನಂಟಿದೆ ಅಂತ ಅರ್ಥ. ಹೆನ್ರಿ ಸ್ಮಾಲ್ 1973ರಲ್ಲಿ ಈ ಉಪಾಯ ಹೇಳಿದರು, ಒಂದು ವಿಷಯದ ನಕ್ಷೆಯನ್ನೇ ಇದರಿಂದ ಬಿಡಿಸಬಹುದು. ಒಂದು ಪೇಪರಿನ ಪ್ರಭಾವ ತಿಳಿಯಬೇಕಾದರೆ ಹೆಸರಿಸಿದ ಹತ್ತು ಪೇಪರ್ ತೆರೆದು, ಎಲ್ಲಿ ಹೆಸರಿಸಿದ್ದಾರೆ ನೋಡಿ. ಪೀಠಿಕೆಯ ಮೊದಲ ಸಾಲಿನಲ್ಲಿ ಐದು ಹೆಸರಿನ ಗುಂಪಿನಲ್ಲಿ ಬಂದರೆ ಅದು ಮರ್ಯಾದೆಗೆ. ವಿಧಾನದ ಭಾಗದಲ್ಲಿ ಬಂದರೆ ಕೆಲಸಕ್ಕೆ ಬಳಸಿದ್ದಾರೆ. ಚರ್ಚೆಯಲ್ಲಿ ಒಂದಿಡೀ ಪ್ಯಾರಾ ಇದ್ದರೆ ಯಾರೋ ಅದರ ಜೊತೆ ನಿಜವಾಗಿ ಗುದ್ದಾಡಿದ್ದಾರೆ.

ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡಕ್ಕೂ ಕಾಲೇಜು ದುಡ್ಡು ಕಟ್ಟಬೇಕು. 2022ರಲ್ಲಿ ಶುರುವಾದ, ಅಂಥದೇ ಇನ್ನೊಂದು ಡೇಟಾಬೇಸ್ ಓಪನ್‌ಅಲೆಕ್ಸ್ ಬಿಟ್ಟಿ, ಹೊನ್ನಾವರದ ಯಾವುದೋ ಮನೆಯಲ್ಲಿ ಮೊಬೈಲ್ ಹಿಡಿದು ಕೂತವರಿಗೂ ಅದು ತೆರೆಯುತ್ತದೆ. ಅದರಲ್ಲಿ ಇಂಗ್ಲಿಷ್ ಅಲ್ಲದ ಬರಹಕ್ಕೂ ಸ್ವಲ್ಪ ಜಾಸ್ತಿ ಜಾಗ ಇದೆ. ಆದರೆ ಒಂದು ಕನ್ನಡ ಲೇಖನ ಅಂಥ ಕಡೆ ಸಲೀಸಾಗಿ ಸೇರಬೇಕಾದರೆ ಪ್ರಕಟಿಸುವವರು ಅದಕ್ಕೆ ಡಿಒಐ ಎಂಬ ಕಾಯಂ ಸಂಖ್ಯೆ ಕೊಡಿಸಿ, ಉಲ್ಲೇಖಗಳ ಪಟ್ಟಿಯನ್ನೂ ಅದರ ಜೊತೆ ಸಲ್ಲಿಸಬೇಕು. ವಿಶ್ವವಿದ್ಯಾಲಯದ ಪ್ರಕಟಣೆ ವಿಭಾಗದಲ್ಲಿ ಒಬ್ಬ ಗುಮಾಸ್ತರು, ಒಂದು ಕಂಪ್ಯೂಟರ್, ವರ್ಷಕ್ಕೊಂದು ಸಣ್ಣ ಶುಲ್ಕ ಇದ್ದರೆ ಆಗುವ ಕೆಲಸ ಅದು.